ಕಿಟಕಿ ಇದೆ, ಚಾಪೆ ಹಾಸುವ ಜಾಗ ಎಲ್ಲಿ?

ಕಟ್ಟಡಗಳ ಬಗ್ಗೆ ಬರೆಯುವವರು ಅವುಗಳ ಮುಂದೆ ನಿಂತು ನೋಡಿ ಬರೆಯುತ್ತಾರೆ. ಸಾಯುತ್ತಿರುವವರಿಗಾಗಿ ಕಟ್ಟಿದ ಮನೆಯನ್ನು ಹಾಗೆ ನೋಡಿದರೆ ಅರ್ಧವೂ ಕಾಣುವುದಿಲ್ಲ. ಅದನ್ನು ಮಂಚದ ಮೇಲೆ ಮಲಗಿ ನೋಡಬೇಕು, ಇಲ್ಲವೆ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ನೋಡಬೇಕು. ಈ ಎರಡನೆಯ ಜಾಗ ನನಗೆ ಗೊತ್ತು. ಅವ್ವನಿಗೆ ಗಂಟಲಿನ ಕ್ಯಾನ್ಸರ್ ಆಗಿದ್ದಾಗ ಒಂದು ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ಹನ್ನೊಂದು ರಾತ್ರಿ ಕಳೆದೆ. ನಸುಕಿನಲ್ಲೆ ಕಸ ಗುಡಿಸುವ ಅಕ್ಕ ಬಂದು, “ಏಳಣ್ಣ, ನೆಲ ಒರೆಸ್ಬೇಕು, ಚಾಪೆ ಸುತ್ಕೊ” ಅಂತ ಎಬ್ಬಿಸೋಳು. ಅವಳದೇನು ತಪ್ಪು? ಆ ಕಟ್ಟಡದ ನಕ್ಷೆ ಬರೆದವರು ನನ್ನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ರೋಗಿಗೆ ಮಂಚ ಇತ್ತು, ಡಾಕ್ಟರಿಗೆ ಕುರ್ಚಿ ಇತ್ತು. ಜೊತೆಗೆ ಬಂದವನಿಗೆ ಇದ್ದದ್ದು ಜನ ಓಡಾಡುವ ದಾರಿ.

ಹಾಸ್ಪೈಸ್ ಎಂಬ ಮನೆಗಳು ಹುಟ್ಟಿದ್ದು ಇಂಥ ಆಸ್ಪತ್ರೆಗಳಿಗೆ ಉತ್ತರವಾಗಿ. ಇನ್ನು ವಾಸಿಯಾಗದು ಎಂದು ಗೊತ್ತಾದವರ ನೋವು ಇಳಿಸಿ, ಕೊನೆಯ ದಿನಗಳಲ್ಲಿ ಅವರನ್ನು ಮನುಷ್ಯರಂತೆ ನೋಡಿಕೊಳ್ಳುವ ಜಾಗ ಅದು. ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ 1967ರಲ್ಲಿ ಶುರುವಾಯಿತು. ಅದನ್ನು ಕಟ್ಟಿಸಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸಾಗಿದ್ದವರು, ಆಮೇಲೆ ಡಾಕ್ಟರಾದವರು. ಆದರೆ ಆ ಮನೆಗೆ ಮೊಟ್ಟಮೊದಲು ಹಣ ಕೊಟ್ಟವನು ಯಾರು ಗೊತ್ತೆ ಗೆಳೆಯರೆ? ಸಾಹುಕಾರನಲ್ಲ. ಪೋಲೆಂಡಿನಿಂದ ಬಂದ ಯಹೂದಿ ನಿರಾಶ್ರಿತ ಡೇವಿಡ್ ಟಾಸ್ಮಾ. ಹೋಟೆಲಿನಲ್ಲಿ ಊಟ ಬಡಿಸುತ್ತಿದ್ದಾತ. 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರಿನಿಂದ ಸತ್ತ. ಸಾಯುವ ಮುಂಚೆ ಸಾಂಡರ್ಸ್ ಹೆಸರಿಗೆ 500 ಪೌಂಡು ಬರೆದಿಟ್ಟ, ನೀನು ಮುಂದೆ ಕಟ್ಟುವ ಮನೆಯಲ್ಲಿ ನಾನೊಂದು ಕಿಟಕಿಯಾಗಿರಬೇಕು ಅಂತ. ಗೋಡೆ ಏಳುವುದಕ್ಕೆ ಹತ್ತೊಂಬತ್ತು ವರ್ಷ ಮೊದಲೇ ಕಿಟಕಿ ಬಂದಿತ್ತು!

ಕಿಟಕಿ ಬರೀ ಕವಿಗಳ ಮಾತಲ್ಲ. ಅಮೆರಿಕದ ರೋಜರ್ ಉಲ್ರಿಕ್ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ಹೋಲಿಸಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಾಚೆ ಮರ ಕಾಣುತ್ತಿದ್ದ 23 ಮಂದಿ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿ. ಮರ ಕಂಡವರಿಗೆ ಬಲವಾದ ನೋವಿನ ಮದ್ದು ಕಡಿಮೆ ಸಾಕಾಯಿತು. ಮನೆಗೂ ಬೇಗ ಹೋದರು. ಆಸ್ಪತ್ರೆ ಕಟ್ಟುವವರೆಲ್ಲ ಇಂದಿಗೂ ಈ ಲೆಕ್ಕವನ್ನು ಹೇಳುತ್ತಾರೆ. ಆದರೆ ಈ ಲೆಕ್ಕದಲ್ಲೂ ಪಕ್ಕದಲ್ಲಿ ಕೂತಿದ್ದವರು ಇಲ್ಲ ನೋಡಿ.

ನಮ್ಮ ಬೆಂಗಳೂರಿನಲ್ಲೇ, ಮಾರತ್ತಹಳ್ಳಿಯ ಕಡೆ, 1999ರಲ್ಲಿ ಕರುಣಾಶ್ರಯ ಶುರುವಾಯಿತು. ಕ್ಯಾನ್ಸರಿನ ಕೊನೆಯ ಹಂತದವರಿಗೆ ಅಲ್ಲಿ ಪುಕ್ಕಟೆ ಆರೈಕೆ. ನಕ್ಷೆ ಸಂಜಯ್ ಮೋಹೆ ಅವರದು. ಅಂತಸ್ತಿನ ಮೇಲೆ ಅಂತಸ್ತು ಏರಿಸಿಲ್ಲ. ತಗ್ಗು ಮಾಡು, ಕಲ್ಲಿನ ಗೋಡೆ, ನಡುವೆ ನೀರು. ಈ ಕಲ್ಲಿನ ಆಯ್ಕೆಯನ್ನು ನಾನು ಮೆಚ್ಚುತ್ತೇನೆ. ಹಳ್ಳಿಯಿಂದ ಬಂದ ಮುದುಕಿಗೆ ಫಳಫಳ ಹೊಳೆಯುವ ಟೈಲ್ಸು ಕಂಡರೆ ಕಾಲಿಡೋಕೇ ಭಯ. ಕಲ್ಲು ಆಕೆಗೆ ಹುಟ್ಟಿದಾಗಿಂದ ಗೊತ್ತು.

ನನ್ನ ತಕರಾರು ಇಂಥ ಕಟ್ಟಡಗಳನ್ನು ಹೊಗಳುವ ಬರಹಗಳ ಜೊತೆ. ಶಾಂತಿ, ಮೌನ, ಧ್ಯಾನ. ಇದೇ ಪಲ್ಲವಿ. ಯಾರ ಮೌನ ಇದು? ನಮ್ಮ ಜನ ಸಾವಿನ ಎದುರು ಸುಮ್ಮನೆ ಕೂರುವವರಲ್ಲ. ಎದೆ ಬಡಿದುಕೊಂಡು, ಸತ್ತವರ ಗುಣ ಒಂದೊಂದೇ ಎತ್ತಿ ಹಾಡಿ ಅಳುತ್ತಾರೆ. ಆ ಅಳು ಪಕ್ಕದ ಮಂಚದವನಿಗೆ ಅವನ ಸಾವನ್ನೇ ತೋರಿಸುತ್ತದೆ, ಇದೂ ನಿಜ. ಹಾಗಂತ ನರ್ಸು ಬಂದು “ಶ್, ಶ್” ಅನ್ನಬೇಕೆ? ಗಟ್ಟಿಯಾಗಿ ಅಳುವುದಕ್ಕೆ ದಪ್ಪ ಗೋಡೆಯ ಒಂದು ಕೋಣೆ ಬೇಕು. ಕೊಳಕ್ಕಿಂತ ಮೊದಲು ನಕ್ಷೆಯಲ್ಲಿ ಅದು ಬರಬೇಕು.

ಇನ್ನು ಒಲೆಯ ವಿಷಯ. ಬ್ರಿಟನ್ನಿನ ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಅವರಿಗೆ 1993ರಲ್ಲಿ ಕ್ಯಾನ್ಸರ್ ಮರುಕಳಿಸಿತು. ಉಳಿಯುವುದು ಕೆಲವೇ ತಿಂಗಳು ಎಂಬ ಮಾತು ಕೇಳಿ ಹೊರಬಂದ ಆಕೆ ಕೂತದ್ದು ಕಿಟಕಿಯಿಲ್ಲದ ಕಾರಿಡಾರಿನಲ್ಲಿ. (ಶ್ರೀಮಂತರ ಮನೆಯವರು! ಕಾರಿಡಾರು ಯಾರನ್ನೂ ಬಿಟ್ಟಿಲ್ಲ.) 1995ರಲ್ಲಿ ಆಕೆ ತೀರಿಕೊಂಡರು. ಆಕೆ ಬಯಸಿದ್ದ ಮನೆ 1996ರಲ್ಲಿ ಎಡಿನ್‌ಬರೋದ ಆಸ್ಪತ್ರೆಯ ಆವರಣದಲ್ಲಿ, ಒಂದು ಹಳೆಯ ಕುದುರೆ ಲಾಯದಲ್ಲಿ ತೆರೆಯಿತು. ಅದು ಹಾಸ್ಪೈಸ್ ಅಲ್ಲ, ಅಲ್ಲಿ ಮಂಚಗಳಿಲ್ಲ. ರೋಗಿಗಳು, ಮನೆಯವರು ಹಗಲು ಬಂದು ಕೂತು ಹೋಗುತ್ತಾರೆ. ಆಮೇಲೆ ಕಟ್ಟಿದ ಮ್ಯಾಗೀಸ್ ಕೇಂದ್ರಗಳಲ್ಲೂ ನಟ್ಟನಡುವೆ ಇರುವುದು ಅಡುಗೆಮನೆ, ಅಲ್ಲೊಂದು ದೊಡ್ಡ ಮೇಜು. ಯಾರು ಬೇಕಾದರೂ ಟೀ ಕಾಯಿಸಿಕೊಳ್ಳಬಹುದು.

ಅಲ್ಲಿ ಇದು ಬರೀ ಸೌಜನ್ಯ ಇರಬಹುದು. ಅಡುಗೆಮನೆಯ ಹೊಸ್ತಿಲಲ್ಲೇ ಜಾತಿ ಕೇಳುವ ನಮ್ಮ ನಾಡಿನಲ್ಲಿ ಅದು ಸಣ್ಣ ಮಾತಲ್ಲ. ಕೇರಿಯಿಂದ ಬಂದ ತಂಗಿಯೊಬ್ಬಳು ಅಣ್ಣನಿಗೆ ಗಂಜಿ ಕುದಿಸಿ, ಅದೇ ಪಾತ್ರೆಯಿಂದ ಪಕ್ಕದ ಮಂಚದ ಗೌಡರಿಗೂ ಒಂದು ಲೋಟ ಬಗ್ಗಿಸಿಕೊಡುವಂಥ ಒಲೆಯನ್ನು ಎಲ್ಲಿಡುತ್ತೀರಿ? ಹಿತ್ತಲಲ್ಲೊ, ನಡುಮನೆಯಲ್ಲೊ? ಇಂಜಿನಿಯರುಗಳನ್ನು ನಾವು ಕೇಳಬೇಕಾದ ಪ್ರಶ್ನೆ ಇದು.

ಅವ್ವ ಕೊನೆಗೆ ಕೇಳಿದ್ದು ತೆಳ್ಳನೆ ರಾಗಿ ಗಂಜಿ. ಆಸ್ಪತ್ರೆಯೊಳಗೆ ಒಲೆ ಹಚ್ಚುವ ಹಾಗಿರಲಿಲ್ಲ. ಗೇಟಿನಾಚೆ ಮೂರು ಕಲ್ಲಿಟ್ಟು ಕಾಯಿಸಿ, ಮೂರು ಅಂತಸ್ತು ಹತ್ತಿ ತರೋ ಹೊತ್ತಿಗೆ ಅದು ಆರಿ, ಮೇಲೆ ಕೆನೆ ಕಟ್ಟಿತ್ತು.