ದಪ್ಪಕ್ಷರದ ಒಳಗಿನ ಬಿಳಿ

ಇಂಪ್ಯಾಕ್ಟ್ ಎಂಬ ಅಕ್ಷರವಿನ್ಯಾಸದ ಹೆಸರು ಗೊತ್ತಿಲ್ಲದವರಿಗೂ ಅದರ ಮುಖಪರಿಚಯ ಇದ್ದೇ ಇರುತ್ತದೆ. ಫೋಟೊದ ಮೇಲೆ, ಕಪ್ಪು ಅಂಚಿನ ದಪ್ಪ ಬಿಳಿ ಇಂಗ್ಲಿಷ್ ಅಕ್ಷರಗಳಲ್ಲಿ ನಗೆಮಾತು ಹೊತ್ತ ಮೀಮ್‌ಗಳು ಬಹುಕಾಲ ಬಂದದ್ದು ಇದರಲ್ಲೇ. ಇದನ್ನು ರೂಪಿಸಿದವರು ಜಾಹೀರಾತು ಲೋಕದ ವಿನ್ಯಾಸಕಾರ ಜೆಫ್ರಿ ಲೀ. 1965ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಸ್ಟೀಫನ್ಸನ್ ಬ್ಲೇಕ್ ಕಂಪನಿ ಇದನ್ನು ಲೋಹದ ಅಚ್ಚುಮೊಳೆಗಳಾಗಿ ಹೊರತಂದಿತು. 1996ರಲ್ಲಿ ಮೈಕ್ರೊಸಾಫ್ಟ್ ವೆಬ್‌ಗೆಂದು ಹಂಚಿದ ಉಚಿತ ಫಾಂಟ್‌ಗಳ ಕಟ್ಟಿನಲ್ಲಿ ಇದೂ ಸೇರಿ, ಮನೆಮನೆಯ ಕಂಪ್ಯೂಟರಿಗೆ ಬಂತು.

ಆದರೆ ಇದರ ವಂಶ ಹಳೆಯದು. ಗೀಟಿನ ತುದಿಗಳಲ್ಲಿ ಚಾಚಿಲ್ಲದ ಸ್ಯಾನ್ಸ್ ಸೆರಿಫ್ ಅಕ್ಷರಗಳನ್ನು ಅಚ್ಚುಮೊಳೆಯಾಗಿ ಮೊದಲು ಮಾರಾಟಕ್ಕಿಟ್ಟವರು ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್, 1816ರಲ್ಲಿ. ಅದರಲ್ಲಿ ದೊಡ್ಡಕ್ಷರಗಳಷ್ಟೇ ಇದ್ದವು. 1819ರಲ್ಲಿ ಅವರ ಎರಕದ ಮನೆಯನ್ನೇ ಕೊಂಡು ನೆಲೆಯೂರಿದ ಶೆಫೀಲ್ಡ್‌ನವರು ಮುಂದೆ ಸ್ಟೀಫನ್ಸನ್ ಬ್ಲೇಕ್ ಆದರು. ಹೀಗೆ ಈ ಪರಂಪರೆಯ ಮೊದಲ ಕುಡಿಯೂ ಇಂಪ್ಯಾಕ್ಟೂ ಒಂದೇ ಮನೆತನದವು. ನಡುವಿನ ಕಾಲದಲ್ಲಿ ಭಿತ್ತಿಪತ್ರಗಳು ದಪ್ಪಕ್ಷರವನ್ನು ಸಾಕಿದವು. ದೊಡ್ಡ ಅಳತೆಯ ಸೀಸದ ಮೊಳೆ ಭಾರ, ದುಬಾರಿ; 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡ ಮೇಲೆ ಗೋಡೆಯ ಅಕ್ಷರಗಳು ಮೈತುಂಬಿ ಬೆಳೆದವು.

ಈ ಪರಂಪರೆಯನ್ನು ಅದರ ಕಪ್ಪಿನಿಂದ ಅಳೆಯುವುದು ರೂಢಿ. ಅಳೆಯಬೇಕಾದ್ದು ಒಳಗೆ ಉಳಿದ ಬಿಳಿಯನ್ನು. ಗೀಟನ್ನು ದಪ್ಪ ಮಾಡುವುದು ಯಾರಿಗಾದರೂ ಸಾಧ್ಯ. ದಪ್ಪವಾದ ಮೇಲೂ ಅಕ್ಷರದ ಹೊಟ್ಟೆ ಮುಚ್ಚದಂತೆ ನೋಡಿಕೊಳ್ಳುವುದೇ ಕಸುಬು. ಅಮೆರಿಕದ ಮಾರಿಸ್ ಫುಲ್ಲರ್ ಬೆಂಟನ್ 1902ರ ಸುಮಾರಿಗೆ ರೂಪಿಸಿದ ಫ್ರಾಂಕ್ಲಿನ್ ಗಾಥಿಕ್‌ನಲ್ಲಿ ಬಾಗಿದ ಗೀಟು ನೇರ ಕಂಬವನ್ನು ಸೇರುವ ಕಡೆ ಸಣ್ಣಗಾಗುತ್ತದೆ. ಮೂಲೆಯಲ್ಲಿ ಶಾಯಿ ಗಟ್ಟಿಕಟ್ಟುವುದಿಲ್ಲ, ಕಣ್ಣಿಗೆ ಬಿಡುವು ಸಿಗುತ್ತದೆ. ಇಂಪ್ಯಾಕ್ಟ್ ಹಿಡಿದದ್ದು ಬೇರೆ ದಾರಿ: ಸಣ್ಣಕ್ಷರಗಳನ್ನು ದೊಡ್ಡಕ್ಷರಗಳ ಹತ್ತಿರಕ್ಕೆ ಎತ್ತರಿಸಿ, ಪಕ್ಕಗಳನ್ನು ಒತ್ತಿ, ಒಳಗಿನ ಬಿಳಿಯನ್ನು ಉದ್ದನೆಯ ಸೀಳಾಗಿಸಿತು. ಎರಡು ಮೂರು ಪದಗಳ ತಲೆಬರಹಕ್ಕೆ ಇದು ಅದ್ಭುತ. ಅದೇ ಅಕ್ಷರದಲ್ಲಿ ಒಂದು ಪ್ಯಾರಾ ಓದಿಸಹೊರಟರೆ ಶಿಕ್ಷೆ. ನನ್ನ ಮಟ್ಟಿಗೆ ಫ್ರಾಂಕ್ಲಿನ್ ಗಾಥಿಕ್ ಹೆಚ್ಚಿನ ಸಾಧನೆ. ಗಟ್ಟಿ ದನಿಯಲ್ಲಿ ಮಾತಾಡಿಯೂ ಅದು ಕಿರುಚುವುದಿಲ್ಲ.

ಕನ್ನಡಕ್ಕೆ ಬಂದರೆ ಇಂಪ್ಯಾಕ್ಟ್‌ನ ಉಪಾಯ ನಡೆಯುವುದೇ ಇಲ್ಲ. ನಮ್ಮ ಅಕ್ಷರಗಳ ಗುರುತು ಇರುವುದು ಚಿಕ್ಕ ಚಿಕ್ಕ ಕಡೆಗಳಲ್ಲಿ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ದ–ಧ, ಡ–ಢ, ಪ–ಫ ಜೋಡಿಗಳನ್ನು ಬೇರೆ ಮಾಡುವುದು ಅಡಿಯ ಪುಟ್ಟ ಸೀಳು. ಫ್ಲೆಕ್ಸ್ ಅಂಗಡಿಗಳಲ್ಲಿ ತೆಳು ಫಾಂಟಿಗೆ ಅದೇ ಬಣ್ಣದ ಔಟ್‌ಲೈನ್ ಹಚ್ಚಿ ‘ಬೋಲ್ಡ್’ ಮಾಡುವುದು ದಿನನಿತ್ಯದ ಕೆಲಸ. ಔಟ್‌ಲೈನ್ ಹೊರಕ್ಕೆ ಬೆಳೆದಷ್ಟೇ ಒಳಕ್ಕೂ ಬೆಳೆಯುತ್ತದೆ. ‘ಪಾಠ’ದ ಠ ಮೊದಲು ಹೋಗುತ್ತದೆ, ಚುಕ್ಕೆ ಉಬ್ಬಿ ಸುತ್ತಲಿನ ಬಿಳಿಯನ್ನು ನುಂಗಿ ಅಕ್ಷರವೇ ಕರಿಯ ಗುಂಡಾಗುತ್ತದೆ. ‘ಧರ್ಮ’ದ ಧ ದೂರದಿಂದ ದ ಆಗುತ್ತದೆ. ಇದು ಅಂದದ ಪ್ರಶ್ನೆಯಲ್ಲ, ಕಾಗುಣಿತದ ಪ್ರಶ್ನೆ. ಇದನ್ನು ಸಣ್ಣ ವಿಷಯವೆಂದು ಬಿಡಲು ನನಗೆ ಮನಸ್ಸಿಲ್ಲ.

ಒತ್ತಕ್ಷರ ಇನ್ನೊಂದು ತೊಡಕು. ‘ರಾಷ್ಟ್ರೀಯ’ದಲ್ಲಿ ಷ ಅಕ್ಷರ ಎರಡು ಒತ್ತುಗಳನ್ನು ಹೊತ್ತುಕೊಂಡಿದೆ, ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಎಲ್ಲಕ್ಕೂ ಮೂಲಾಕ್ಷರದ ದಪ್ಪವನ್ನೇ ಕೊಟ್ಟರೆ ಎರಡು ಸಾಲಿನ ತಲೆಬರಹದಲ್ಲಿ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಇಂಪ್ಯಾಕ್ಟ್‌ನ ಸಾಲುಗಳು ಇಟ್ಟಿಗೆಯ ಹಾಗೆ ಒಂದರ ಮೇಲೊಂದು ಕೂರುತ್ತವೆ. ಕನ್ನಡದ ಸಾಲಿಗೆ ಕೆಳಗೆ ಜಾಗ ಬೇಕೇ ಬೇಕು.

ಮುಂಬೈನ ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಈ ತೊಡಕುಗಳನ್ನು ಅರಿತು ಮಾಡಿದ ಫಾಂಟ್. ಹಲವು ಭಾರತೀಯ ಲಿಪಿಗಳ ಬಾಲೂ ಬಳಗದಲ್ಲಿ ಇದು ಕನ್ನಡದ್ದು. ಮುಕ್ತ ಪರವಾನಗಿಯಲ್ಲಿ ಗೂಗಲ್ ಫಾಂಟ್ಸ್‌ನಲ್ಲಿ ಸಿಗುವುದರಿಂದ ಯಾರು ಬೇಕಾದರೂ ಬಳಸಬಹುದು. ಗೀಟು ದುಂಡು, ತುದಿ ಮೃದು. ಒತ್ತುಗಳು ಮೂಲಾಕ್ಷರಕ್ಕಿಂತ ತೆಳು. ಠದ ಚುಕ್ಕೆ ಚುಕ್ಕೆಯಾಗಿಯೇ ಉಳಿದಿದೆ. ಮಕ್ಕಳ ಪುಸ್ತಕಕ್ಕೆ, ತಿಂಡಿಯ ಪೊಟ್ಟಣಕ್ಕೆ, ಹಬ್ಬದ ಪೋಸ್ಟರಿಗೆ ಇದಕ್ಕಿಂತ ಒಪ್ಪುವ ದಪ್ಪಕ್ಷರ ಹುಡುಕುವುದು ಕಷ್ಟ. ಆದರೆ ಅದರ ಮುಖದಲ್ಲಿ ಸದಾ ನಗು. ಬರಗಾಲದ ಸುದ್ದಿಯ ತಲೆಬರಹವನ್ನು ಅದರಲ್ಲಿ ಜೋಡಿಸಿದರೆ ಸುದ್ದಿಗೆ ಅನ್ಯಾಯವಾಗುತ್ತದೆ. ದಪ್ಪವೆಂದರೆ ತಮಾಷೆ ಎಂಬ ಭಾವನೆ ನಮ್ಮ ವಿನ್ಯಾಸದಲ್ಲಿ ಬೇರೂರುತ್ತಿರುವುದಕ್ಕೆ, ಬೇರೆ ಆಯ್ಕೆ ಕಡಿಮೆಯಿರುವುದೂ ಒಂದು ಕಾರಣ.

ಅದೇ ಸಂಸ್ಥೆಯ ಅನೇಕ್ ಕನ್ನಡ ಈ ಕೊರತೆಯ ಸ್ವಲ್ಪ ಭಾಗವನ್ನು ತುಂಬುತ್ತದೆ. ಒಂದೇ ಫೈಲಿನಲ್ಲಿ ದಪ್ಪವನ್ನು 100ರಿಂದ 800ರವರೆಗೆ, ಅಗಲವನ್ನು 75ರಿಂದ 125ರವರೆಗೆ ಬದಲಿಸಿಕೊಳ್ಳಬಹುದು. ಅತಿ ಕಿರಿದಾದ, ಅತಿ ದಪ್ಪವಾದ ಕೊನೆಯಲ್ಲಿ ಅದಕ್ಕೆ ಬಾಲೂಗಿಲ್ಲದ ಗಾಂಭೀರ್ಯವಿದೆ. ದಿನಪತ್ರಿಕೆಯ ಮುಖಪುಟಕ್ಕೆ ಹೊಂದುವ ದನಿ ಅದು. ಆದರೂ ಅನೇಕ್ ಎಲ್ಲ ಕೆಲಸಕ್ಕೂ ಒದಗಲೆಂದು ಮಾಡಿದ ಬಳಗ. ತಲೆಬರಹಕ್ಕಾಗಿಯೇ, ಒತ್ತು ಮತ್ತು ಗುಡಿಸಿನಿಂದ ಲೆಕ್ಕ ಹಾಕುತ್ತಾ ಮೂಲಾಕ್ಷರದ ಕಡೆಗೆ ಬರುವ, ಕಟುಮಾತನ್ನೂ ಹೊರಬಲ್ಲ ಕನ್ನಡದ ದಪ್ಪಕ್ಷರವನ್ನು ಯಾರಾದರೂ ಕೂತು ಬರೆಯಬೇಕಿದೆ. ಅದಕ್ಕೆ ಹಣ ಹಾಕಬೇಕಾದವರು ನಮ್ಮ ಪತ್ರಿಕೆಗಳು ಮತ್ತು ಪ್ರಕಾಶಕರು. ದಿನವೂ ಆ ಅಕ್ಷರಗಳ ಮೇಲೆ ಬದುಕುವವರು ಅವರೇ.