ಬರೋಕ್ ಧಾರ್ಮಿಕ ರೇಖಾಚಿತ್ರಗಳಲ್ಲಿ ಬೆಳಕು ಮತ್ತು ಭಕ್ತಿಭಾವ

ಬರೋಕ್ ಕಲೆಯ ಬೆಳಕನ್ನು ಕ್ಯಾಥೊಲಿಕ್ ಚರ್ಚಿನ ಪ್ರಚಾರೋಪಾಯವೆಂದು ವಿವರಿಸುವುದು ವಾಡಿಕೆ. 1563ರಲ್ಲಿ ಟ್ರೆಂಟ್ ಧರ್ಮಸಭೆಯು ಪವಿತ್ರ ಚಿತ್ರಗಳು ಭಕ್ತರಿಗೆ ಬೋಧನೆ ನೀಡಬೇಕೆಂದು ವಿಧಿಸಿದ್ದು ಈ ವಿವರಣೆಗೆ ಆಧಾರ. ಬಲಿಪೀಠದ ಬೃಹತ್ ವರ್ಣಚಿತ್ರಗಳಿಗೆ ಇದು ಬಹುಮಟ್ಟಿಗೆ ಸಲ್ಲುತ್ತದೆ, ರೇಖಾಚಿತ್ರಗಳಿಗೆ ಸಲ್ಲುವುದಿಲ್ಲ. ವರ್ಣಚಿತ್ರಕಾರ ಬೆಳಕನ್ನು ಬಣ್ಣದಿಂದ ಕಟ್ಟುತ್ತಾನೆ. ಶಾಯಿಯ ರೇಖಾಚಿತ್ರದಲ್ಲಿ ಬೆಳಕೆಂದರೆ ಮುಖ್ಯವಾಗಿ ಕೈ ಮುಟ್ಟದೆ ಉಳಿಸಿದ ಕಾಗದ. ಈ ಸಂಯಮದಲ್ಲಿಯೇ ಭಕ್ತಿಭಾವದ ನೆಲೆಯನ್ನು ಗುರುತಿಸಬೇಕಾಗುತ್ತದೆ.

ಇಟಲಿಯ ಗ್ವೆರ್ಚಿನೊ (1591–1666) ಕಂದು ಶಾಯಿಯ ಚುರುಕು ಗೆರೆಗಳ ಮೇಲೆ ನೀರು ಬೆರೆಸಿದ ಶಾಯಿಯನ್ನು ತೆಳುವಾಗಿ ಹರಿಸುತ್ತಿದ್ದನು. ನೆರಳು ಹರಡಿದಂತೆ ಸಂತನ ಹಣೆ, ಮೇಲೆತ್ತಿದ ಕೈ ಬಿಳಿಯಾಗಿ ಉಳಿಯುತ್ತವೆ. ಇಲ್ಲಿನ ಬೆಳಕು ಘೋಷಣೆಯಲ್ಲ, ಹುಡುಕಾಟ.

ಆಮ್‌ಸ್ಟರ್‌ಡ್ಯಾಮಿನ ಪರಿಸ್ಥಿತಿ ಭಿನ್ನವಾಗಿತ್ತು. ಅಲ್ಲಿನ ಸುಧಾರಿತ ಚರ್ಚು ಆರಾಧನೆಯಲ್ಲಿ ಚಿತ್ರಗಳಿಗೆ ಎಡೆಗೊಟ್ಟಿರಲಿಲ್ಲ. ಆದರೂ ರೆಂಬ್ರಾಂಟ್ (1606–1669) ಬೈಬಲಿನ ಪ್ರಸಂಗಗಳನ್ನು ಮತ್ತೆ ಮತ್ತೆ ರೇಖಿಸಿದನು. ಅವನ ಪರಂಪರೆಗೆ ಸೇರಿದ, ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಸಂಗ್ರಹಾಲಯದಲ್ಲಿರುವ ಎಮ್ಮಾವುಸ್ ಭೋಜನದ ಚಿತ್ರದಲ್ಲಿ ಕ್ರಿಸ್ತನೇ ಇಲ್ಲ. ಗುರುತು ಸಿಕ್ಕ ಕ್ಷಣದಲ್ಲಿಯೇ ಅವನು ಅದೃಶ್ಯನಾಗಿದ್ದಾನೆ. ಬರಿದಾದ ಆಸನದಲ್ಲಿ ಬೆಳಕು ಸಿಡಿದಿದೆ, ಶಿಷ್ಯರಿಬ್ಬರು ಬೆರಗಾಗಿದ್ದಾರೆ. ಆರಾಧ್ಯನ ರೂಪವನ್ನು ಕೈಬಿಟ್ಟು, ಕಂಡವರ ಬೆರಗನ್ನಷ್ಟೇ ಉಳಿಸಿರುವುದು ಗಮನಾರ್ಹ.

ರೆಂಬ್ರಾಂಟನ ‘ಮೂರು ಶಿಲುಬೆಗಳು’ (1653) ಮುದ್ರಣಚಿತ್ರವಾದರೂ, ಸೂಜಿಯಿಂದ ತಾಮ್ರದ ಫಲಕದ ಮೇಲೆ ನೇರವಾಗಿ ಗೀರಿದ್ದರಿಂದ ರೇಖಾಚಿತ್ರಕ್ಕೆ ಹತ್ತಿರವಾದುದು. ಆರಂಭದ ಅವಸ್ಥೆಗಳಲ್ಲಿ ಮೇಲಿನಿಂದ ಸುರಿಯುವ ಬೆಳಕಿನಲ್ಲಿ ಶತಾಧಿಪತಿ ಮಂಡಿಯೂರಿದ್ದಾನೆ; ಜನಸಂದಣಿ ಸ್ಪಷ್ಟವಾಗಿದೆ. ಕೆಲವು ವರ್ಷಗಳ ತರುವಾಯ ಅದೇ ಫಲಕವನ್ನು ತಿದ್ದಿ ಸಿದ್ಧಪಡಿಸಿದ ನಾಲ್ಕನೆಯ ಅವಸ್ಥೆಯಲ್ಲಿ ದಟ್ಟ ಗೀರುಗಳು ಜನಸಂದಣಿಯ ಬಹುಭಾಗವನ್ನು ನುಂಗಿವೆ. ಬಲಗಡೆಯ ಕಳ್ಳ ಬಹುತೇಕ ಮರೆಯಾಗಿದ್ದಾನೆ. ಪ್ರತಿಯೊಂದು ಗೀರೂ ಶಾಯಿ ಹಿಡಿಯುವುದರಿಂದ ಇಲ್ಲಿ ರೇಖಿಸುವುದೆಂದರೆ ಕತ್ತಲನ್ನು ಹೆಚ್ಚಿಸುವುದು. ಮೊದಲಿನದು ಸಾಕ್ಷಿಗಳಿರುವ ಘಟನೆಯಾದರೆ, ಕೊನೆಯದು ನೋಡುಗನೊಬ್ಬನೇ ಎದುರಿಸಬೇಕಾದ ಮರಣ.

ಬೋಧಿಸುವ ಬೆಳಕು ನಿಸ್ಸಂದೇಹವಾದುದು. ಈ ಚಿತ್ರಗಳ ಬೆಳಕು ಕತ್ತಲಿನಿಂದ ಯಾವಾಗ ಬೇಕಾದರೂ ಮುಚ್ಚಿಹೋಗಬಹುದಾದದ್ದು. ಆ ಅಪಾಯವನ್ನು ಅರಿತೂ ಕಾಗದದ ಒಂದು ಭಾಗವನ್ನು ಮುಟ್ಟದೆ ಬಿಡುವ ನಿರ್ಧಾರವೇ ಅಲ್ಲಿನ ಭಕ್ತಿ. ಬರೋಕ್ ಧಾರ್ಮಿಕತೆಯನ್ನು ಪ್ರಚಾರವೆಂದಷ್ಟೇ ಓದುವ ವಿಮರ್ಶೆಗೆ ಈ ಬಿಳಿಯ ಅವಕಾಶಗಳು ಕಾಣುವುದಿಲ್ಲ.