ಲ್ಯುಸಿಯೆನ್ ಎರ್ವೆ ಅವರ ಛಾಯಾಚಿತ್ರಗಳಲ್ಲಿ ನೆರಳು, ಕತ್ತರಿ ಮತ್ತು ಕಾಲ

ಸ್ವಾತಂತ್ರ್ಯೋತ್ತರ ಭಾರತದ ಚರಿತ್ರೆಯನ್ನು ಬೋಧಿಸುವಾಗ ಚಂಡೀಗಢದ ಪ್ರಸ್ತಾಪ ಬಾರದೆ ಇರುವುದಿಲ್ಲ. ದೇಶವಿಭಜನೆಯಲ್ಲಿ ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿಯ ಅಗತ್ಯ, 1951ರಲ್ಲಿ ಅದರ ಯೋಜನೆಯ ಹೊಣೆ ಹೊತ್ತ ಲೆ ಕಾರ್ಬೂಸಿಯೇ, ಅದರಲ್ಲಿ ನೆಹರೂ ಅವರಿಗಿದ್ದ ಆಸಕ್ತಿ, ಇಷ್ಟನ್ನು ಹೇಳಿದ ಮೇಲೆ ಒಂದು ಕಪ್ಪು ಬಿಳುಪು ಛಾಯಾಚಿತ್ರವನ್ನು ವಿದ್ಯಾರ್ಥಿಗಳ ಮುಂದಿಡುವುದು ನಮ್ಮ ವಾಡಿಕೆ. ಕಾಂಕ್ರೀಟಿನ ಗೋಡೆ, ಅದರ ಮೇಲೆ ಓರೆಯಾಗಿ ಬಿದ್ದ ದಟ್ಟ ನೆರಳು, ಮೇಲೆ ಒಂದು ತುಂಡು ಆಕಾಶ. ಇವಿಷ್ಟೇ ಅದರಲ್ಲಿರುವ ವಸ್ತು. ಬಾಗಿಲು ಕಾಣದು, ನೆಲ ಕಾಣದು, ಕಟ್ಟಡದ ಹೆಸರನ್ನು ಕೆಳಗಿನ ಬರಹದಿಂದಲೇ ತಿಳಿಯಬೇಕು. ಇಂತಹ ಚಿತ್ರ ಬಹುಮಟ್ಟಿಗೆ ಲ್ಯುಸಿಯೆನ್ ಎರ್ವೆ ಅವರದಾಗಿರುತ್ತದೆ.

ಈ ಬಗೆಯ ಚಿತ್ರಗಳನ್ನು ಕುರಿತು ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಕಲಾಪ್ರಿಯರು ಇವನ್ನು ಶುದ್ಧ ರೇಖೆ, ಶುದ್ಧ ಆಕೃತಿಗಳೆಂದು ಕೊಂಡಾಡುತ್ತಾರೆ. ಚರಿತ್ರಕಾರರಲ್ಲಿ ಅನೇಕರು, ಕಟ್ಟಡವನ್ನೂ ಕಟ್ಟಿದವರನ್ನೂ ಕತ್ತರಿಸಿ ಬಿಸುಟ ಚಿತ್ರ ಆಧಾರವಾಗಿ ನಿಲ್ಲಲಾರದೆಂದು ಇವನ್ನು ಬದಿಗಿಡುತ್ತಾರೆ. ನಾವೂ ಕೆಲಕಾಲ ಎರಡನೆಯ ಪಂಗಡಕ್ಕೆ ಸೇರಿದವರೇ. ಚಿತ್ರವನ್ನು ಕಣ್ಣಿನ ತೃಪ್ತಿಗಾಗಿ ತೋರಿಸಿ, ಪಾಠವನ್ನು ಬೇರೆ ಕಾಗದಪತ್ರಗಳಿಂದ ಮಾಡುತ್ತಿದ್ದೆವು. ಈ ಅಭಿಪ್ರಾಯ ಸಡಿಲವಾದುದು ನಮ್ಮ ತರಗತಿಯಲ್ಲಿಯೇ. ಗೋಡೆಯ ಮೇಲಿನ ಸಮಾನಾಂತರ ಗೆರೆಗಳನ್ನು ತೋರಿಸಿ, ಇದು ಬೆಳಕನ್ನು ಬಳಸುವ ಛಾಯಾಗ್ರಾಹಕರ ಜಾಣ್ಮೆಯೆಂದು ನಾವು ವಿವರಿಸುತ್ತಿರುವಾಗ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬ ಎದ್ದುನಿಂತು, "ಅದು ಸೆಂಟ್ರಿಂಗ್ ಹಲಗೆ ಗುರುತು, ಸಾರ್. ಹಲಗೆ ಬಿಚ್ಚಿದ ಮೇಲೆ ಹಾಗೇ ಉಳ್ಕೊಳ್ತದೆ. ಹಲಗೆ ಎಷ್ಟು ಅಂತ ಎಣಿಸಿದ್ರೆ ಗೋಡೆ ಎಷ್ಟೆತ್ತರ ಅಂತಲೂ ಹೇಳ್ಬೋದು" ಎಂದನು. ಅವನ ತಂದೆ ಸೆಂಟ್ರಿಂಗ್ ಮೇಸ್ತ್ರಿ. ಅಳತೆಯಿಲ್ಲವೆಂದು ನಾವು ತಿಳಿದಿದ್ದ ಚಿತ್ರದಲ್ಲಿ ಅಳತೆಗೋಲು ಮೊದಲಿನಿಂದಲೂ ಇದ್ದಿತು! ಅಮೂರ್ತವೆನಿಸಿಕೊಂಡ ಇಂತಹ ಚಿತ್ರದಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದನ್ನು ಅಂದಿನಿಂದ ಮರುಪರಿಶೀಲಿಸತೊಡಗಿದೆವು. ಪ್ರಕೃತ ಲೇಖನ ಅದರ ಫಲ.

ಎರ್ವೆ 1910ರಲ್ಲಿ ಹಂಗೇರಿಯಲ್ಲಿ ಜನಿಸಿದರು. ಹುಟ್ಟುಹೆಸರು ಲಾಸ್ಲೊ ಎಲ್ಕಾನ್. 1929ರಲ್ಲಿ ಪ್ಯಾರಿಸಿಗೆ ಬಂದು ನೆಲೆಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳಾಗಿದ್ದು ತಪ್ಪಿಸಿಕೊಂಡರು. ಫ್ರಾನ್ಸಿನ ಭೂಗತ ಪ್ರತಿರೋಧ ಚಳವಳಿಯಲ್ಲಿ ತಳೆದ ಹೆಸರನ್ನೇ ಮುಂದೆ ಉಳಿಸಿಕೊಂಡರು. 1949ರಲ್ಲಿ ಕುತೂರಿಯೇ ಎಂಬ ಪಾದ್ರಿಯೊಬ್ಬರ ಪ್ರೇರಣೆಯಿಂದ ಮಾರ್ಸೇಯ್ ನಗರಕ್ಕೆ ಹೋಗಿ, ಲೆ ಕಾರ್ಬೂಸಿಯೇ ಅವರು ಅಲ್ಲಿ ಕಟ್ಟಿಸುತ್ತಿದ್ದ ಬೃಹತ್ ವಸತಿಗೃಹವನ್ನು ಕಂಡರು. ಕಟ್ಟಡ ಇನ್ನೂ ಪೂರ್ತಿಯಾಗಿರಲಿಲ್ಲ. ಒಂದೇ ದಿನದಲ್ಲಿ 650 ಚಿತ್ರಗಳನ್ನು ತೆಗೆದು ವಾಸ್ತುಶಿಲ್ಪಿಗೆ ಕಳುಹಿಸಿದರು. ಅವುಗಳನ್ನು ನೋಡಿದ ಲೆ ಕಾರ್ಬೂಸಿಯೇ, ಇವರಲ್ಲಿರುವುದು ವಾಸ್ತುಶಿಲ್ಪಿಯ ಆತ್ಮವೆಂದು ಮೆಚ್ಚಿ ಬರೆದು, 1965ರಲ್ಲಿ ತಾವು ತೀರಿಕೊಳ್ಳುವವರೆಗೂ ಇವರನ್ನೇ ತಮ್ಮ ಛಾಯಾಗ್ರಾಹಕರನ್ನಾಗಿ ಇರಿಸಿಕೊಂಡರು. ಆ ನಂಟಿನಿಂದಲೇ ಎರ್ವೆ 1955ರಲ್ಲಿಯೂ 1961ರಲ್ಲಿಯೂ ಭಾರತಕ್ಕೆ ಬಂದುದು. 2007ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು.

ಅವರ ಕೈಯಲ್ಲಿದ್ದ ಯಂತ್ರವನ್ನು ಅರಿಯದೆ ಅವರ ಚಿತ್ರಗಳನ್ನು ಅರಿಯಲಾಗದು. ಅದು ರೋಲಿಫ್ಲೆಕ್ಸ್, ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಫ್ರಾಂಕೆ ಮತ್ತು ಹೈಡೆಕೆ ಸಂಸ್ಥೆ 1929ರಲ್ಲಿ ಮೊದಲು ಹೊರತಂದ ಜೋಡಿ ಮಸೂರದ ಕ್ಯಾಮೆರಾ. ಮೇಲಿನ ಮಸೂರ ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಛಾಯಾಗ್ರಾಹಕರು ಮೀಡಿಯಂ ಫಾರ್ಮ್ಯಾಟ್ ಎಂದು ಕರೆಯುವ ವರ್ಗಕ್ಕೆ ಇದು ಸೇರಿದ್ದು. ಸುರುಳಿ ಫಿಲ್ಮಿನಲ್ಲಿ 6 ಸೆಂಟಿಮೀಟರ್ ಚೌಕದ 12 ಚಿತ್ರಗಳು ಬರುತ್ತವೆ. ಈ ಲೆಕ್ಕದಲ್ಲಿ ಮಾರ್ಸೇಯ್‌ನ ಆ ಒಂದು ದಿನಕ್ಕೆ 54 ಸುರುಳಿಗಳು ಮುಗಿದು, ಮತ್ತೊಂದನ್ನು ತೊಡಿಸಬೇಕಾಗುತ್ತದೆ. ಗೆಳೆಯರಿಂದ ಎರವಲು ತಂದ ಇಂತಹ ಕ್ಯಾಮೆರಾಕ್ಕೆ ಒಂದು ಸುರುಳಿ ತೊಡಿಸುವಷ್ಟರಲ್ಲಿ ಬೆವರಿದ ನಮಗೆ ಆ ಸಂಖ್ಯೆಯ ಅರ್ಥ ಚೆನ್ನಾಗಿ ಗೊತ್ತು.

ಈ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವುದಿಲ್ಲ, ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆ ಬಾಗಿಸಿ ಮೇಲಿನಿಂದ ಇಣುಕಬೇಕು. ಅಲ್ಲಿ ಕಾಣುವುದು ಮಂಜುಗಾಜಿನ ಮೇಲೆ ಬಿದ್ದ ಚೌಕ ಬಿಂಬ. ಅದೂ ಎಡಬಲ ಅದಲುಬದಲಾದುದು. ಕ್ಯಾಮೆರಾವನ್ನು ಒಂದು ಕಡೆಗೆ ಸರಿಸಿದರೆ ಬಿಂಬ ನಾವೆಣಿಸದ ಕಡೆಗೆ ಸರಿಯುತ್ತದೆ. ಪರಿಚಿತ ವಸ್ತು ಹೀಗೆ ಅಪರಿಚಿತವಾದಾಗ, ಗೋಡೆ ಗೋಡೆಯಾಗಿರುವುದಕ್ಕೆ ಮೊದಲು ಒಂದು ಬಿಳಿಯ ಕ್ಷೇತ್ರವಾಗಿಯೂ ನೆರಳು ಒಂದು ಕಪ್ಪು ತ್ರಿಕೋನವಾಗಿಯೂ ತೋರುತ್ತದೆ. ರೇಖಾಗಣಿತದ ಕಡೆಗೆ ಎರ್ವೆ ಅವರಿಗಿದ್ದ ಒಲವು ಈ ಕ್ಯಾಮೆರಾದಿಂದ ಹುಟ್ಟಿತೆಂದು ನಾವು ಹೇಳುತ್ತಿಲ್ಲ. 1916ರಲ್ಲಿ ಅಮೆರಿಕದ ಪಾಲ್ ಸ್ಟ್ರ್ಯಾಂಡ್ ಮೊಗಸಾಲೆಯ ನೆರಳುಗಳನ್ನೂ, ಮರುವರ್ಷ ಲಂಡನ್ನಿನಲ್ಲಿ ಕೋಬರ್ನ್ ಕನ್ನಡಿಗಳಲ್ಲಿ ಒಡೆದ ಆಕೃತಿಗಳನ್ನೂ, ಅನಂತರ ಹಂಗೇರಿಯವರೇ ಆದ ಮೊಹೊಯ್-ನಾಗಿ, ರಷ್ಯದ ರೊದ್ಚೆಂಕೊ ಮೊದಲಾದವರು ಮೇಲಿನಿಂದಲೂ ಕೆಳಗಿನಿಂದಲೂ ಕಂಡ ನೋಟಗಳನ್ನೂ ಪ್ರಯೋಗಿಸಿದ್ದರು. ಆ ಪರಂಪರೆಗೆ ಎರ್ವೆ ಉತ್ತರಾಧಿಕಾರಿ. ಅವರು ಸೇರಿಸಿದುದು ಕತ್ತರಿಯನ್ನು.

ಕತ್ತರಿ ಎಂಬುದು ಇಲ್ಲಿ ಅಲಂಕಾರವಲ್ಲ. ಮುದ್ರಿಸಿದ ಪ್ರತಿಗಳನ್ನು ಎರ್ವೆ ನಿಜವಾಗಿ ಕತ್ತರಿಸುತ್ತಿದ್ದರು. ಚೌಕ ಚಿತ್ರದ ಎರಡು ಪಾಲನ್ನು ತೆಗೆದು ಹಾಕಿ ಸಣ್ಣ ಪಟ್ಟಿಯೊಂದನ್ನು ಉಳಿಸಿಕೊಳ್ಳಲು ಹಿಂದೆಗೆಯುತ್ತಿರಲಿಲ್ಲ. ಇದು ಸಾಧ್ಯವಾದುದು ನೆಗೆಟಿವ್ ದೊಡ್ಡದಿದ್ದುದರಿಂದ. ಸಾಮಾನ್ಯ 35 ಮಿಲಿಮೀಟರ್ ಫಿಲ್ಮಿನ ಚಿತ್ರ 24ಕ್ಕೆ 36 ಮಿಲಿಮೀಟರ್. ರೋಲಿಫ್ಲೆಕ್ಸಿನದು ಸುಮಾರು 56ಕ್ಕೆ 56. ಕ್ಷೇತ್ರಫಲದಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು. ಮುಕ್ಕಾಲು ಪಾಲನ್ನು ತ್ಯಜಿಸಿದರೂ ಉಳಿಯುವ ಭಾಗ ಚಿಕ್ಕ ಕ್ಯಾಮೆರಾದ ಪೂರ್ಣ ಚಿತ್ರಕ್ಕೆ ಹತ್ತಿರ ಹತ್ತಿರ ಸಮ. ಹೀಗಿರಲು ಗೋಡೆಯ ರಂಧ್ರ, ಜಲ್ಲಿಯ ಕಣ, ಹಲಗೆಯ ಅಚ್ಚು ಅಳಿಸಿಹೋಗದೆ ನಿಲ್ಲುತ್ತವೆ. ನಮ್ಮ ವಿದ್ಯಾರ್ಥಿ ಗುರುತಿಸಿದುದು ಈ ಶೇಷವನ್ನೇ. ಅಮೂರ್ತ ಚಿತ್ರಕಾರನ ತ್ರಿಕೋನದಲ್ಲಿ ಬಣ್ಣವಲ್ಲದೆ ಬೇರೇನೂ ಇರಬೇಕಾಗಿಲ್ಲ. ಛಾಯಾಗ್ರಾಹಕನ ತ್ರಿಕೋನ ಯಾವುದಾದರೊಂದು ವಸ್ತುವಿನಿಂದ ಆಗಿರಲೇಬೇಕು.

ಗೋಡೆಯ ವಿಷಯದಲ್ಲಿ ಇದು ಸರಿ. ನೆರಳಿನ ವಿಷಯದಲ್ಲಿ ಕತ್ತರಿಯ ಪರಿಣಾಮವೇ ಬೇರೆ. ಇದನ್ನು ತಿಳಿಯಲು ಚಂಡೀಗಢವನ್ನು ಬಿಟ್ಟು ಜಯಪುರಕ್ಕೆ ಹೋಗಬೇಕು. 1955ರ ಪ್ರವಾಸದಲ್ಲಿ ಎರ್ವೆ ಹೊಸ ಕಟ್ಟಡಗಳನ್ನಷ್ಟೇ ಅಲ್ಲದೆ ಫತೇಪುರ ಸಿಕ್ರಿಯನ್ನೂ, ಹದಿನೆಂಟನೆಯ ಶತಮಾನದಲ್ಲಿ ಸವಾಯಿ ಜಯಸಿಂಹನು ಕಟ್ಟಿಸಿದ ಜಯಪುರದ ಜಂತರ್ ಮಂತರ್ ವೇಧಶಾಲೆಯನ್ನೂ ಚಿತ್ರಿಸಿದರು. ಅಲ್ಲಿನ ಸಮ್ರಾಟ್ ಯಂತ್ರವು ಸುಮಾರು 27 ಮೀಟರ್ ಎತ್ತರದ ನೆರಳು ಗಡಿಯಾರ. ಅದರ ಓರೆಗೋಡೆಯ ಬಾಗು ಆ ಊರಿನ ಅಕ್ಷಾಂಶವಾದ 27 ಡಿಗ್ರಿಗೆ ಸಮ. ಎರಡು ಬದಿಯ ಕಮಾನುಪಟ್ಟಿಗಳ ಮೇಲೆ ನೆರಳು ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಗಂಟೆಗೆ ಸುಮಾರು ನಾಲ್ಕು ಮೀಟರ್ ಚಲಿಸುತ್ತದೆ. ನಿಂತು ನೋಡಿದರೆ ಅದು ಸರಿಯುವುದು ಬರಿಗಣ್ಣಿಗೆ ಗೋಚರ. ಅಲ್ಲಿ ರೇಖಾಗಣಿತ ಅಮೂರ್ತವಲ್ಲ. ಪ್ರತಿಯೊಂದು ಗೆರೆಗೂ ಒಂದು ಉತ್ತರವಿದೆ, ಆ ಉತ್ತರ ಈಗ ಎಷ್ಟು ಗಂಟೆ ಎಂಬುದು. ಇಂತಹ ನೆರಳನ್ನು ಅದು ಬೀಳುವ ಅಂಕಪಟ್ಟಿಯಿಂದ ಕತ್ತರಿಸಿ ತೆಗೆದರೆ ಉಳಿಯುವುದು ಒಂದು ಸೊಗಸಾದ ಕಪ್ಪು ಆಕೃತಿ, ಗಂಟೆ ಹೋಯಿತು. ಹೊತ್ತು ಹೇಳುವುದಕ್ಕಾಗಿಯೇ ಹುಟ್ಟಿದ ನೆರಳು ಹೊತ್ತಿಲ್ಲದ್ದಾಯಿತು. ಮೆಟ್ಟಿಲುಸಾಲು, ಕಮಾನು, ಅಂಕಪಟ್ಟಿ ಇವು ಒಟ್ಟಿಗೆ ಉಳಿದ ಚೌಕಟ್ಟನ್ನು ನಾವು ಮೇಲೆಂದು ಎಣಿಸುವುದು ಆದಕಾರಣವೇ. ಆಕೃತಿಯ ದೃಷ್ಟಿಯಿಂದ ಅದು ಕೊಂಚ ಗೊಂದಲವೆನಿಸಿದರೂ ಚಿಂತೆಯಿಲ್ಲ.

ಇದು ಕಲೆಗೆ ಪಂಚಾಂಗದ ಕೆಲಸ ಹಚ್ಚಿದಂತಾಯಿತೆಂದು ಕೆಲವರು ಆಕ್ಷೇಪಿಸಬಹುದು. ಅವರಿಗೆ ಎರ್ವೆ ಅವರೇ ಉತ್ತರ ಕೊಟ್ಟಿದ್ದಾರೆ. ಫ್ರಾನ್ಸಿನ ದಕ್ಷಿಣದ ಪ್ರೊವಾನ್ಸ್ ಪ್ರಾಂತದಲ್ಲಿ ಲೆ ತೊರೊನೆ ಎಂಬ ಹನ್ನೆರಡನೆಯ ಶತಮಾನದ ಕ್ರೈಸ್ತ ಮಠವಿದೆ. ಸಿಸ್ಟರ್ಸಿಯನ್ ಪಂಥದ್ದಾದುದರಿಂದ ಅದರಲ್ಲಿ ಶಿಲ್ಪಾಲಂಕಾರವಿಲ್ಲ. ಕಲ್ಲು, ಕಮಾನು, ಬೆಳಕು, ಇಷ್ಟೇ. ಈ ಮಠವನ್ನು ಕುರಿತ ಎರ್ವೆ ಅವರ ಚಿತ್ರಸಂಪುಟ 1956ರಲ್ಲಿ ಲೆ ಕಾರ್ಬೂಸಿಯೇ ಅವರ ಮುನ್ನುಡಿಯೊಡನೆ ಪ್ರಕಟವಾಯಿತು. ಬಿಡಿಬಿಡಿಯಾಗಿ ನೋಡಿದರೆ ಅಲ್ಲಿನ ಚಿತ್ರಗಳು ಚಂಡೀಗಢದವುಗಳಷ್ಟೇ ಕಠೋರವಾಗಿ ಕತ್ತರಿಸಲ್ಪಟ್ಟವು. ಆದರೆ ಸಂಪುಟದಲ್ಲಿ ಅವು ಮಠದ ದಿನಚರಿಯ ಪ್ರಾರ್ಥನಾವೇಳೆಗಳ ಕ್ರಮದಲ್ಲಿ ಒಂದರ ಮುಂದೊಂದು ಬರುತ್ತವೆ. ಕತ್ತರಿ ಕಿತ್ತುಕೊಂಡ ಗಂಟೆಯನ್ನು ಪುಟಗಳ ಜೋಡಣೆ ಹಿಂದಿರುಗಿಸಿತು. ಎರ್ವೆ ಅವರ ಕೃತಿಗಳಲ್ಲಿ ನಮಗೆ ಅತ್ಯುತ್ತಮವೆನಿಸಿದುದು ಇದೇ.

ಚಂಡೀಗಢಕ್ಕೆ ಈ ಭಾಗ್ಯ ಒದಗಲಿಲ್ಲ. ಅಲ್ಲಿನ ಚಿತ್ರಗಳು ಬಿಡಿಯಾಗಿಯೇ ಲೋಕವನ್ನು ಸುತ್ತಿದವು. ಪತ್ರಿಕೆಯಿಂದ ಪತ್ರಿಕೆಗೆ, ಪಠ್ಯದಿಂದ ಪಠ್ಯಕ್ಕೆ. ಉಚ್ಚ ನ್ಯಾಯಾಲಯವು 1955ರಲ್ಲಿ ಉದ್ಘಾಟನೆಯಾಯಿತು. ಆ ವರ್ಷ ಅದರ ಸುತ್ತಲಿನ ನೆಲ ಇನ್ನೂ ಹೊಲ, ಮಣ್ಣು, ಮರದ ಸಾರುವೆಗಳ ಬಯಲು. ಗಂಡಾಳು ಹೆಣ್ಣಾಳುಗಳು ಕಾಂಕ್ರೀಟನ್ನು ತಲೆಯ ಮೇಲೆ ಹೊತ್ತು ಸಾರುವೆ ಏರುತ್ತಿದ್ದ ಕಾಲ. ನಗರಕ್ಕಾಗಿ ನೆಲ ಬಿಟ್ಟುಕೊಟ್ಟ ಹಳ್ಳಿಗಳು ಹಲವು. ಎರ್ವೆ ಇವರನ್ನು ಕಾಣಲಿಲ್ಲವೆಂದು ಆಪಾದಿಸುವುದು ಅನ್ಯಾಯ. ಕೆಲಸಗಾರರನ್ನೂ ದಾರಿಹೋಕರನ್ನೂ ಅವರು ಚಿತ್ರಿಸಿದ್ದಾರೆ. ಬೃಹತ್ತಾದ ಗೋಡೆಯ ಬುಡದಲ್ಲಿ ನಡೆಯುವ ಒಂಟಿ ಮನುಷ್ಯ ಅವರಿಗೆ ಪ್ರಿಯವಾದ ವಸ್ತು. ಆದರೂ ಆ ಮನುಷ್ಯ ಎಷ್ಟೋ ಕಡೆ ಗೋಡೆಯ ಎತ್ತರವನ್ನು ಸೂಚಿಸುವ ಕಡ್ಡಿಯಾಗಿ ನಿಂತಿದ್ದಾನೆ. ಹಲಗೆಯ ಅಚ್ಚಿನಲ್ಲಿ ಕೆಲಸಗಾರನ ಕೈ ಇದೆ. ಗೋಡೆಯ ಬುಡದ ಆ ಪುಟ್ಟ ಆಕೃತಿಯಲ್ಲಿ ಕೈಯೂ ಇಲ್ಲ, ಮುಖವೂ ಇಲ್ಲ. ಕತ್ತರಿಯ ಪ್ರಯೋಗ ಇನ್ನೂ ಮುಂದುವರಿದ ಚಿತ್ರಗಳಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಕಟ್ಟಡವನ್ನೂ ಚಂಡೀಗಢದ ಸಚಿವಾಲಯವನ್ನೂ ಮಾರ್ಸೇಯ್‌ನ ವಸತಿಗೃಹವನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಕಷ್ಟ. ಮೂರು ಊರುಗಳ ಬಿಸಿಲು ಒಂದೇ ಬಿಸಿಲಾಗಿಬಿಟ್ಟಿದೆ. ಇವುಗಳನ್ನು ನಾವು ದುರ್ಬಲ ಚಿತ್ರಗಳೆಂದೇ ಎಣಿಸುತ್ತೇವೆ, ಪ್ರದರ್ಶನಗಳಲ್ಲಿ ಇವಕ್ಕೆ ಸಿಗುವ ಮನ್ನಣೆ ಎಷ್ಟೇ ಇರಲಿ.

ಬಿಸಿಲಿನ ಮಾತು ಇಲ್ಲಿ ಅಪ್ರಕೃತವಲ್ಲ. ಲೆ ಕಾರ್ಬೂಸಿಯೇ ಅವರ ಭಾರತೀಯ ಕಟ್ಟಡಗಳ ಮೈಮೇಲಿರುವ ಆಳವಾದ ಕಾಂಕ್ರೀಟು ಕೋಶಗಳು ಬಿಸಿಲುತಡೆಗಳು. ಸೂರ್ಯನ ಪಥವನ್ನು ಲೆಕ್ಕ ಹಾಕಿ ರಚಿಸಿದಂಥವು. ಈ ಲೆಕ್ಕವನ್ನೇ ತೋರಿಸಲು ಅವರು 'ನೆರಳಿನ ಗೋಪುರ'ವೆಂಬ ಪ್ರತ್ಯೇಕ ರಚನೆಯನ್ನು ಚಂಡೀಗಢಕ್ಕಾಗಿ ಕಲ್ಪಿಸಿದರು. ಅದು ನಿರ್ಮಾಣವಾದುದು ಅವರು ತೀರಿಕೊಂಡು ಬಹುಕಾಲವಾದ ಮೇಲೆ. ಎರ್ವೆ ಅವರ ಚಿತ್ರದಲ್ಲಿ ಬಿಸಿಲುತಡೆಯ ನೆರಳು ಚದುರಂಗದ ಮನೆಗಳಂತೆ ಖಚಿತವಾಗಿ ಬಿದ್ದಿದೆ. ಅದು ಬೆಳಗಿನದೋ ಇಳಿಹೊತ್ತಿನದೋ, ಮಾಘದ್ದೋ ಜ್ಯೇಷ್ಠದ್ದೋ ತಿಳಿಯುವುದಿಲ್ಲ. ತಿಳಿದಿದ್ದರೆ, ಆ ತಡೆ ತನ್ನ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಚಿತ್ರದಿಂದಲೇ ಹೇಳಬಹುದಾಗಿತ್ತು. ನ್ಯಾಯಾಲಯಕ್ಕೆ ಮಳೆ ಬಿಸಿಲುಗಳಿಂದ ರಕ್ಷಣೆಗೆಂದು ಆಮೇಲೆ ಒಂದು ಪಡಸಾಲೆಯನ್ನೇ ಸೇರಿಸಬೇಕಾಯಿತು. ಚಿತ್ರದಲ್ಲಿ ಅಷ್ಟು ಪರಿಪೂರ್ಣವಾಗಿ ತೋರುವ ಆ ಮುಖ, ಒಳಗೆ ಕಾದು ಕುಳಿತ ಕಕ್ಷಿದಾರರ ಪಾಲಿಗೆ ಹಾಗಿರಲಿಲ್ಲ. ಈ ಕಟ್ಟಡ ಸಮೂಹ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದನ್ನು ಲೋಕ ಕಂಡುದು ಬಹುಪಾಲು ಎರ್ವೆ ಕಲಿಸಿದ ಕಣ್ಣುಗಳಿಂದಲೇ ಎಂದರೆ ಅತಿಶಯೋಕ್ತಿಯಾಗದು.

ಲೆ ಕಾರ್ಬೂಸಿಯೇ ಅವರ ಕಟ್ಟಡಗಳಿಗೆ ಸಂಬಂಧಿಸಿದ ಎರ್ವೆ ಅವರ ಸಾವಿರಾರು ನೆಗೆಟಿವ್‌ಗಳು ಈಗ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಗೆಟ್ಟಿ ಸಂಶೋಧನಾ ಸಂಸ್ಥೆಯ ವಶದಲ್ಲಿವೆ. ಕತ್ತರಿ ಬಿದ್ದುದು ಬಹುಮಟ್ಟಿಗೆ ಕಾಗದದ ಪ್ರತಿಗಳಿಗೆ. ನೆಗೆಟಿವ್ ಚೌಕವಾಗಿಯೇ ಉಳಿಯುತ್ತದೆ. ಒಂದೇ ಸುರುಳಿಯ 12 ಚೌಕಗಳನ್ನು ಅವುಗಳ ಅನುಕ್ರಮದಲ್ಲಿ ನೋಡಿದರೆ ನೆರಳು ಚೌಕದಿಂದ ಚೌಕಕ್ಕೆ ಸರಿದಿರುವುದನ್ನು ಅಳೆಯಬಹುದು. ಕತ್ತರಿಸಿದ ಅಂಚಿನಾಚೆ ಸಾರುವೆ ಇದ್ದಿತೋ ಜನರಿದ್ದರೋ ಕಾಣಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ, ಗೋಡೆಯ ಹಲಗೆಗಳನ್ನು ಎಣಿಸಬಲ್ಲವರಾಗಿದ್ದರೆ ಒಳ್ಳೆಯದು.